ಹದಿನೆಂಟಕ್ಕೇ ಸಹಿ ಹಾಕೋದೋ, ಕಾಲೇಜಿಗೆ ಹೋಗೋದೋ? ಬೇಸ್‌ಬಾಲ್ ಆಡುವ ಮಕ್ಕಳ ಮನೆಯವರಿಗೆ

ಎರಡು ವರ್ಷದ ಹಿಂದೆ, ಜನವರಿಯ ಒಂದು ಸಂಜೆ, ನಮ್ಮ ಗೆಳೆಯರ ಮನೆಗೆ ಬೇಸ್‌ಬಾಲ್ ಸ್ಕೌಟ್ ಒಬ್ಬರು, ಅಂದರೆ ವೃತ್ತಿ ತಂಡಕ್ಕೆ ಹುಡುಗರನ್ನು ಹುಡುಕುವವರು, ಬಂದಿದ್ದರು. ಮಗ ಹೈಸ್ಕೂಲಿನ ಕೊನೇ ವರ್ಷದಲ್ಲಿದ್ದ. ಮನೆಯವರು ಉಪ್ಪಿಟ್ಟು, ಫಿಲ್ಟರ್ ಕಾಫಿ ಕೊಟ್ಟರು. ಆತ ತಟ್ಟೆ ಖಾಲಿ ಮಾಡುತ್ತಲೇ ಹುಡುಗನ ನಿದ್ದೆ, ಊಟ, ಓದು, ಯಾವಾಗಲಾದರೂ ಭುಜ ನೋವು ಬಂದಿತ್ತಾ ಅಂತ ಎಲ್ಲ ವಿಚಾರಿಸಿದರು. ಎದ್ದು ಹೊರಡುವಾಗ ಅಪ್ಪನ ಕಡೆ ತಿರುಗಿ ಕೇಳಿದ್ದು ಒಂದೇ ಪ್ರಶ್ನೆ: "ಎಷ್ಟು ಕೊಟ್ಟರೆ ಕಾಲೇಜು ಬಿಟ್ಟು ನಮ್ಮ ಜೊತೆ ಬರ್ತಾನೆ?"

ಅಪ್ಪನಿಗೆ ಏನು ಹೇಳಬೇಕೋ ತೋಚಲಿಲ್ಲ. ಆ ರಾತ್ರಿ ನನಗೆ ಫೋನ್ ಮಾಡಿದರು.

ನಾವಿರುವುದು ನಾರ್ತ್ ಕ್ಯಾರೊಲಿನಾದ ಕ್ಯಾರಿಯಲ್ಲಿ. ಕನ್ನಡದ ಮನೆಗಳು ಇಲ್ಲಿ ಬೇಕಾದಷ್ಟಿವೆ. ಅಮೆರಿಕದ ರಾಷ್ಟ್ರೀಯ ಬೇಸ್‌ಬಾಲ್ ತರಬೇತಿ ಕೇಂದ್ರವೂ ಇದೇ ಊರಲ್ಲಿದೆ. ಅರ್ಧ ಗಂಟೆ ಕಾರು ಓಡಿಸಿದರೆ ಡರ್ಹಮ್‌ನಲ್ಲಿ ಟ್ರಿಪಲ್-ಎ ಆಟ ಸಿಗುತ್ತದೆ, ವೃತ್ತಿ ಬೇಸ್‌ಬಾಲ್‌ನಲ್ಲಿ ಮೇಲಿನಿಂದ ಎರಡನೇ ಹಂತ. ಒಂದು ಗಂಟೆ ಚಿಲ್ಲರೆ ಹೋದರೆ ಗ್ರೀನ್ಸ್‌ಬರೋದಲ್ಲಿ ಹೈ-ಎ ಆಟ, ಅದಕ್ಕಿಂತ ಎರಡು ಮೆಟ್ಟಿಲು ಕೆಳಗಿನದು. ಬೇಸಿಗೆಯಲ್ಲಿ ಸುಮ್ನೆ ಹೊತ್ತು ಕಳೆಯೋಕೆ ಅಂತ ಹೋಗಲು ಶುರು ಮಾಡಿದವನು ನಾನು. ಆಮೇಲೆ ಆ ಹುಡುಗರ ಬದುಕೇ ನನ್ನನ್ನು ಹಿಡಿದುಕೊಂಡಿತು. ಗೆಳೆಯರಿಗೆ ಅವತ್ತು ಫೋನಿನಲ್ಲಿ ಹೇಳಿದ್ದನ್ನು, ಆಮೇಲೆ ಇನ್ನಷ್ಟು ವಿಚಾರಿಸಿ ತಿಳಿದುಕೊಂಡದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮವರ ಮಕ್ಕಳು ಈ ಆಟದಲ್ಲಿ ಮುಂದೆ ಬರುತ್ತಿದ್ದಾರೆ. ಕನ್ನಡದಲ್ಲಿ ಇದನ್ನು ಯಾರಾದರೂ ಕೂತು ಹೇಳಬೇಕು ಅಂತ ನನಗೆ ಬಹಳ ದಿನದಿಂದ ಅನಿಸಿತ್ತು.

ಏಣಿ ಹೇಗಿದೆ

ಕ್ರಿಕೆಟ್‌ನಲ್ಲಿ ಹತ್ತೊಂಬತ್ತರ ಹುಡುಗ ಒಂದು ಒಳ್ಳೆ ಸೀಸನ್ ಆಡಿದರೆ ಸಾಕು, ಮರು ವರ್ಷ ಐಪಿಎಲ್‌ನಲ್ಲಿ ಕಾಣಿಸಬಹುದು. ಬೇಸ್‌ಬಾಲ್‌ನಲ್ಲಿ ಹಾಗಿಲ್ಲ. ದೇಶದಲ್ಲೇ ಮೊದಲನೆಯವನಾಗಿ ಆಯ್ಕೆಯಾದ ಹುಡುಗನೂ ಸಾಮಾನ್ಯವಾಗಿ ಮೈನರ್ ಲೀಗ್ ಎಂಬ ಏಣಿಯನ್ನು ಹತ್ತಿಯೇ ಬರಬೇಕು.

ಎಲ್ಲಕ್ಕಿಂತ ಮೇಲಿರುವ ಮೇಜರ್ ಲೀಗ್‌ನಲ್ಲಿ 30 ತಂಡಗಳಿವೆ. ಒಂದೊಂದು ತಂಡದ ಕೆಳಗೂ ನಾಲ್ಕು ಮೆಟ್ಟಿಲು: ಸಿಂಗಲ್-ಎ, ಹೈ-ಎ, ಡಬಲ್-ಎ, ಟ್ರಿಪಲ್-ಎ. ಒಟ್ಟು 120 ತಂಡ. ಇವಕ್ಕೂ ಕೆಳಗೆ ಫ್ಲಾರಿಡಾ, ಅರಿಝೋನಾ ಮತ್ತು ಡೊಮಿನಿಕನ್ ರಿಪಬ್ಲಿಕ್‌ನಲ್ಲಿ ಹೊಸಬರ ಲೀಗ್‌ಗಳಿವೆ. ಅಲ್ಲಿ ನೋಡೋಕೆ ಬರುವವರು ಕಡಿಮೆ. ಬೆಳಗ್ಗೆ ತರಬೇತಿ, ಮಧ್ಯಾಹ್ನದ ಬಿಸಿಲಲ್ಲಿ ಆಟ.

2021ರಲ್ಲಿ ಈ ವ್ಯವಸ್ಥೆಯನ್ನು ಕತ್ತರಿಸಿ ಚಿಕ್ಕದು ಮಾಡಿದರು. ತಂಡಗಳು ಪ್ರತಿ ವರ್ಷ ಸರದಿಯಂತೆ ಹೊಸ ಹುಡುಗರನ್ನು ಆರಿಸಿಕೊಳ್ಳುವುದಕ್ಕೆ ಡ್ರಾಫ್ಟ್ ಅನ್ನುತ್ತಾರೆ. ಅದಕ್ಕೆ ಮುಂಚೆ ಡ್ರಾಫ್ಟ್‌ನಲ್ಲಿ 40 ಸುತ್ತು ಇರುತ್ತಿತ್ತು, ಈಗ 20. ಒಂದು ಮೇಜರ್ ಲೀಗ್ ಸಂಸ್ಥೆ ಅಮೆರಿಕದೊಳಗೆ ಇಟ್ಟುಕೊಳ್ಳಬಹುದಾದ ಮೈನರ್ ಲೀಗ್ ಆಟಗಾರರ ಮಿತಿ 180 ಇತ್ತು, 2024ರಿಂದ 165 ಆಯಿತು. ಲೆಕ್ಕ ಹಾಕಿ ನೋಡಿ. ಕೆಳಗೆ 5,000ದ ಹತ್ತಿರ ಹುಡುಗರು. ಮೇಲೆ, ತಂಡಕ್ಕೆ 26ರಂತೆ, 780 ಜಾಗ. ಆ 780 ಜಾಗದಲ್ಲೂ ಹತ್ತು ಹನ್ನೆರಡು ವರ್ಷದಿಂದ ಆಡುತ್ತಿರುವವರು ಕೂತಿದ್ದಾರೆ.

ಜಾಗ ಕಡಿಮೆಯಾದರೆ ತಾಳ್ಮೆಯೂ ಕಡಿಮೆಯಾಗುತ್ತದೆ, ಅಲ್ವಾ? ಇಪ್ಪತ್ತು ವರ್ಷದ ಹಿಂದಿನ ಕಥೆ ಕೇಳಿ ಈಗಿನ ತೀರ್ಮಾನ ಮಾಡಬೇಡಿ ಅಂತ ನಾನು ಹೇಳುವುದು ಇದಕ್ಕೇ.

ಅಮೆರಿಕದಲ್ಲಿ ಬೆಳೆದ ಹುಡುಗನಿಗೆ ಇರುವ ದಾರಿ ಮೂರು. ಹೈಸ್ಕೂಲ್ ಮುಗಿದ ತಕ್ಷಣ ಡ್ರಾಫ್ಟ್‌ನಲ್ಲಿ ಆಯ್ಕೆಯಾಗಿ ಸಹಿ ಹಾಕೋದು. ಇಲ್ಲವೇ ನಾಲ್ಕು ವರ್ಷದ ಕಾಲೇಜಿಗೆ ಸೇರಿ, ಮೂರನೇ ವರ್ಷ ಮುಗಿದಾಗ ಅಥವಾ 21 ತುಂಬಿದಾಗ ಮತ್ತೆ ಡ್ರಾಫ್ಟ್‌ಗೆ ಬರೋದು. ಮೂರನೆಯದು ಎರಡು ವರ್ಷದ ಜೂನಿಯರ್ ಕಾಲೇಜು. ಅಲ್ಲಿಂದ ಪ್ರತಿ ವರ್ಷವೂ ಡ್ರಾಫ್ಟ್‌ಗೆ ಹೋಗಬಹುದು. ಡೊಮಿನಿಕನ್ ರಿಪಬ್ಲಿಕ್, ವೆನೆಜುವೆಲಾದ ಹುಡುಗರು ಹದಿನಾರಕ್ಕೇ ಸಹಿ ಹಾಕುತ್ತಾರೆ. ಅದು ಬೇರೆಯೇ ಲೋಕ, ನಮ್ಮ ಪ್ರಶ್ನೆಗೆ ಸಂಬಂಧವಿಲ್ಲ.

ಇಬ್ಬರು ಹುಡುಗರು, ಎರಡು ದಾರಿ

ಮೊದಲ ಎರಡು ದಾರಿಗೆ ಭಾರತದ ಬೇರು ಇರುವ ಇಬ್ಬರನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಇದು ನನಗೆ ತುಂಬ ಖುಷಿಯ ವಿಷಯ.

ಅರ್ಜುನ್ ನಿಮ್ಮಲ ಫ್ಲಾರಿಡಾದ ಹುಡುಗ. ಅಪ್ಪ ಅಮ್ಮ ಭಾರತದಿಂದ ಬಂದವರು. ಚಿಕ್ಕವನಿದ್ದಾಗ ಕ್ರಿಕೆಟ್ ಆಡಿದ್ದ. 2023ರ ಡ್ರಾಫ್ಟ್‌ನಲ್ಲಿ ಟೊರಾಂಟೊ ಬ್ಲೂ ಜೇಸ್ ತಂಡ ಅವನನ್ನು 20ನೆಯವನಾಗಿ ಆರಿಸಿತು. ಆಗ ಅವನಿಗೆ 17 ವರ್ಷ. ಫ್ಲಾರಿಡಾ ಸ್ಟೇಟ್ ವಿಶ್ವವಿದ್ಯಾಲಯಕ್ಕೆ ಹೋಗುವುದಾಗಿ ಮಾತು ಕೊಟ್ಟಿದ್ದವನು 30 ಲಕ್ಷ ಡಾಲರ್ ಬೋನಸ್‌ಗೆ, ಅಂದರೆ ಸಹಿ ಹಾಕಿದಾಗ ಸಿಗುವ ಇಡುಗಂಟಿಗೆ, ಸಹಿ ಹಾಕಿದ.

ಮುಂದಿನ ವರ್ಷ ಡನೀಡಿನ್‌ನ ಸಿಂಗಲ್-ಎ ತಂಡದಲ್ಲಿ ಆಡಲು ಇಳಿದ. ಶುರುವೇ ಸರಿಯಾಗಲಿಲ್ಲ. ಬ್ಯಾಟಿಂಗ್ ಸರಾಸರಿ .200 ಕೂಡ ಮುಟ್ಟಲಿಲ್ಲ, ಅಂದರೆ ಐದು ಸಲಕ್ಕೆ ಒಂದು ಹಿಟ್ ಕೂಡ ಇಲ್ಲ. ಮೇಲಿಂದ ಮೇಲೆ ಸ್ಟ್ರೈಕ್‌ಔಟ್, ಅಂದರೆ ಮೂರು ಸ್ಟ್ರೈಕ್ ಆಗಿ ಔಟ್. ಆಗ ತಂಡದವರು ಅವನನ್ನು ಆಟದಿಂದ ಹೊರಗೆ ತೆಗೆದು ತಮ್ಮ ತರಬೇತಿ ಕೇಂದ್ರಕ್ಕೆ ಕರೆಸಿಕೊಂಡರು. ಕೆಲವು ವಾರ ಅಲ್ಲೇ ಇಟ್ಟುಕೊಂಡು ಅವನ ಬ್ಯಾಟಿಂಗ್ ತಿದ್ದಿದರು. ವಾಪಸ್ ಬಂದವನು ಬೇರೆಯೇ ಹುಡುಗನಂತೆ ಆಡಿದ. ಆ ವರ್ಷ ಒಟ್ಟು 17 ಹೋಂ ರನ್ (ನಮ್ಮ ಸಿಕ್ಸರ್‌ನಂಥ ಹೊಡೆತ). ವಯಸ್ಸು ಹದಿನೆಂಟು. 2025ರಲ್ಲಿ ವ್ಯಾಂಕೂವರ್‌ನ ಹೈ-ಎ ತಂಡಕ್ಕೆ ಏರಿದ.

ಈ ಕೆಲವು ವಾರಗಳನ್ನು ಗಮನಿಸಿ. ಅದೇ ಸರಾಸರಿಯಲ್ಲಿ ಆಡುತ್ತಿರುವ, ಒಂದು ಲಕ್ಷ ಡಾಲರ್ ಬೋನಸ್‌ನ ಹುಡುಗನಿಗೆ ಏನಾಗುತ್ತದೆ? ಬೆಂಚು. ವರ್ಷದ ಕೊನೆಗೆ ಕೈಗೆ ಬಿಡುಗಡೆಯ ಕಾಗದ. ಅದರಲ್ಲಿ ಯಾರ ದುಷ್ಟತನವೂ ಇಲ್ಲ. 30 ಲಕ್ಷ ಸುರಿದ ಕಡೆ ತಂಡ ಕಾಯುತ್ತದೆ. ಕೋಚ್‌ಗಳು ಬೆಳಗ್ಗೆ ಬೇಗ ಬರುತ್ತಾರೆ. ಮೂರು ಕೆಟ್ಟ ತಿಂಗಳಾದ ಮೇಲೂ ನಾಲ್ಕನೆಯದಕ್ಕೆ ಅವಕಾಶ ಕೊಡುತ್ತಾರೆ. ಹಾಗಾಗಿ ಬೋನಸ್ ಮೊತ್ತವನ್ನು ನಾನು ಬರೀ ದುಡ್ಡಾಗಿ ನೋಡೋದಿಲ್ಲ. ನಿಮ್ಮ ಮಗ ಸೋಲುತ್ತಿರುವಾಗ ತಂಡ ಎಷ್ಟು ದಿನ ಕಾಯುತ್ತದೆ ಅನ್ನೋದರ ಅಳತೆ ಅದು. ಮತ್ತೆ ಸೋಲು ಬಂದೇ ಬರುತ್ತದೆ. ಹೈಸ್ಕೂಲಿನಲ್ಲಿ ಒಂದು ಸೀಸನ್ನಿಗೆ ಹತ್ತು ಸಲ ಕೂಡ ಸ್ಟ್ರೈಕ್‌ಔಟ್ ಆಗದ ಹುಡುಗ ಇಲ್ಲಿ ಒಂದೇ ವಾರದಲ್ಲಿ ಹತ್ತು ಸಲ ಆಗುತ್ತಾನೆ.

ಇನ್ನೊಬ್ಬ ಕುಮಾರ್ ರಾಕರ್. ತಾಯಿಯ ಕಡೆಯ ಅಜ್ಜ ಅಜ್ಜಿ ಭಾರತದವರು. ತಂದೆ ಅಮೆರಿಕನ್ ಫುಟ್‌ಬಾಲ್ ಕೋಚ್. 2018ರಲ್ಲಿ ಹೈಸ್ಕೂಲ್ ಮುಗಿಸಿದಾಗಲೇ ಕುಮಾರ್ ಒಳ್ಳೆ ಪಿಚರ್ (ಚೆಂಡು ಎಸೆಯುವವನು) ಅಂತ ಎಲ್ಲ ಸ್ಕೌಟ್‌ಗಳಿಗೂ ಗೊತ್ತಿತ್ತು. ಆದರೆ ಅವನ ಮನಸ್ಸು ವ್ಯಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಮೇಲಿತ್ತು. ಕೊಲರಾಡೊ ರಾಕೀಸ್ ಅವನನ್ನು 38ನೇ ಸುತ್ತಿನಲ್ಲಿ, ಬರ್ತಾನೇನೋ ನೋಡೋಣ ಅನ್ನೋ ಹಾಗೆ, ಆರಿಸಿತು. ಹೋಗಲಿಲ್ಲ.

ಮೊದಲ ವರ್ಷದಲ್ಲೇ, 2019ರ ಜೂನ್‌ನಲ್ಲಿ, ಡ್ಯೂಕ್ ವಿಶ್ವವಿದ್ಯಾಲಯದ ವಿರುದ್ಧ ಅವನು ಎಸೆದ ಆಟವನ್ನು ಕಾಲೇಜು ಬೇಸ್‌ಬಾಲ್ ನೋಡುವವರು ಈಗಲೂ ನೆನೆಯುತ್ತಾರೆ. ಒಂದೂ ಹಿಟ್ ಕೊಡದೆ 19 ಸ್ಟ್ರೈಕ್‌ಔಟ್. ಆ ವರ್ಷ ತಂಡ ಒಮಾಹಾದಲ್ಲಿ ನಡೆಯುವ ಕಾಲೇಜುಗಳ ರಾಷ್ಟ್ರೀಯ ಟೂರ್ನಿಯಲ್ಲಿ ಚಾಂಪಿಯನ್ ಆಯಿತು, ಟೂರ್ನಿಯ ಅತ್ಯುತ್ತಮ ಆಟಗಾರ ಇವನೇ. 2021ರಲ್ಲಿ ನ್ಯೂಯಾರ್ಕ್ ಮೆಟ್ಸ್ 10ನೆಯವನಾಗಿ ಆರಿಸಿತು. ಆದರೆ ವೈದ್ಯಕೀಯ ಪರೀಕ್ಷೆ ನೋಡಿದ ಮೇಲೆ ಒಪ್ಪಂದವನ್ನೇ ಮಾಡಿಕೊಳ್ಳಲಿಲ್ಲ. ಕೈಗೆ ಬಂದದ್ದು ಬಾಯಿಗೆ ಬರಲಿಲ್ಲ. ಅವನು ಮೇಜರ್ ಲೀಗ್ ತಂಡಗಳಿಗೆ ಸೇರದ ಒಂದು ಸ್ವತಂತ್ರ ಲೀಗ್‌ಗೆ ಹೋಗಿ ಚಿಕ್ಕ ಮೈದಾನದಲ್ಲಿ ಆಡಿ ತೋರಿಸಿದ. 2022ರಲ್ಲಿ ಟೆಕ್ಸಸ್ ರೇಂಜರ್ಸ್ 3ನೆಯವನಾಗಿ ಆರಿಸಿ 52 ಲಕ್ಷ ಡಾಲರ್ ಕೊಟ್ಟಿತು. 2023ರಲ್ಲಿ ಮೊಣಕೈಗೆ ಟಾಮಿ ಜಾನ್ ಶಸ್ತ್ರಚಿಕಿತ್ಸೆ (ಹರಿದ ಅಸ್ಥಿರಜ್ಜು ಸರಿಪಡಿಸುವುದು). 2024ರ ಸೆಪ್ಟೆಂಬರ್‌ನಲ್ಲಿ ಮೇಜರ್ ಲೀಗ್‌ನ ಮೊದಲ ಆಟ. 24 ವರ್ಷ ಆಗಿತ್ತು.

ಯಾರು ಮಾಡಿದ್ದು ಸರಿ? ನನ್ನ ಪ್ರಕಾರ ಇಬ್ಬರೂ. ನಿಮ್ಮಲ ಬ್ಯಾಟರ್. ತೀರಾ ಚಿಕ್ಕ ವಯಸ್ಸು, ದೊಡ್ಡ ಬೋನಸ್, ಸೋತಾಗ ಹಿಡಿದೆತ್ತಲು ತಂಡಕ್ಕೆ ಕಾರಣವಿತ್ತು. ರಾಕರ್ ಪಿಚರ್. ಕೈಗೆ ಯಾವಾಗ ಏನಾಗುತ್ತದೋ ಗೊತ್ತಿಲ್ಲ. ಕಾಲೇಜಿನಲ್ಲಿ ಸಂಪಾದಿಸಿದ ಹೆಸರು ಎಷ್ಟು ಗಟ್ಟಿಯಾಗಿತ್ತೆಂದರೆ, ಒಂದು ತಂಡ ಬೇಡ ಅಂದ ಮರು ವರ್ಷವೇ ಇನ್ನೊಂದು ತಂಡ ಅವನನ್ನು ಇನ್ನೂ ಮೇಲಿನ ಜಾಗದಲ್ಲಿ ಆರಿಸಿತು.

ಪಕ್ಕದ ಊರಿನ ಕಥೆ

ನಮ್ಮ ಮನೆಯಿಂದ ಹೆಚ್ಚು ದೂರವಿಲ್ಲ, ರಾಲಿಯ ಅಥೆನ್ಸ್ ಡ್ರೈವ್ ಹೈಸ್ಕೂಲ್. ಜಾಶ್ ಹ್ಯಾಮಿಲ್ಟನ್ ಓದಿದ್ದು ಅಲ್ಲಿ. 1999ರ ಡ್ರಾಫ್ಟ್‌ನಲ್ಲಿ ಇಡೀ ದೇಶಕ್ಕೇ ಮೊದಲನೆಯವನು. ಸುಮಾರು 40 ಲಕ್ಷ ಡಾಲರ್ ಬೋನಸ್.

ಅಪ್ಪ ಅಮ್ಮ ಇಬ್ಬರೂ ಕೆಲಸ ಬಿಟ್ಟು ಮಗನ ಜೊತೆ ಊರೂರು ಹೊರಟರು. ಅವರು ಜೊತೆಗಿದ್ದಷ್ಟು ದಿನ ಎಲ್ಲ ಚೆನ್ನಾಗಿತ್ತು. 2001ರಲ್ಲಿ ಕಾರು ಅಪಘಾತವಾಯಿತು. ಅಪ್ಪ ಅಮ್ಮ ಚಿಕಿತ್ಸೆಗೆಂದು ಊರಿಗೆ ಮರಳಿದರು. ಮಗನಿಗೆ ಬೆನ್ನು ನೋವು, ಆಡೋ ಹಾಗಿಲ್ಲ. ಕೈಯಲ್ಲಿ ದುಡ್ಡು ಇತ್ತು, ದಿನ ಪೂರ್ತಿ ಖಾಲಿ, ಜೊತೆಗೆ ಯಾರೂ ಇಲ್ಲ. ಮಾದಕ ವಸ್ತುವಿನ ಚಟಕ್ಕೆ ಬಿದ್ದ. ವರ್ಷಗಟ್ಟಲೆ ಆಟದಿಂದ ಹೊರಗಾದ. 2007ರಲ್ಲಿ ಮೇಜರ್ ಲೀಗ್‌ಗೆ ಬಂದ, 2010ರಲ್ಲಿ ಅಮೆರಿಕನ್ ಲೀಗ್‌ನ ಅತ್ಯಮೂಲ್ಯ ಆಟಗಾರನೂ ಆದ. ಆದರೆ ಹೋದ ವರ್ಷಗಳು ಹೋದವು.

ಹೆದರಿಸೋಕೆ ಇದನ್ನು ಹೇಳುತ್ತಿಲ್ಲ. ಹದಿನೆಂಟರ ಹುಡುಗನಿಗೆ ಗಾಯವಾಗಿ ಆಟ ನಿಂತ ದಿನ, ಸಂಜೆ ಐದು ಗಂಟೆಗೆ ಅವನ ಪಕ್ಕದಲ್ಲಿ ಯಾರಿರುತ್ತಾರೆ? ಈ ಪ್ರಶ್ನೆಗೆ ಒಂದು ಹೆಸರು ಹೇಳೋಕೆ ನಿಮಗೆ ಆಗಬೇಕು. ಕಾಲೇಜಿನಲ್ಲಿ ರೂಮ್‌ಮೇಟ್ ಇರುತ್ತಾನೆ, ಕ್ಲಾಸ್ ಇರುತ್ತದೆ, ನಾಳೆ ಕೊಡಬೇಕಾದ ಅಸೈನ್‌ಮೆಂಟ್ ಇರುತ್ತದೆ. ಆಟವಲ್ಲದ ಬೇರೆ ಏನೋ ಒಂದು ಅವನನ್ನು ಹಾಸಿಗೆಯಿಂದ ಎಬ್ಬಿಸುತ್ತದೆ.

ಭಾನುವಾರದ ಬಸ್ಸು

ಮೈನರ್ ಲೀಗ್ ತಂಡಗಳು ಮಂಗಳವಾರದಿಂದ ಭಾನುವಾರದ ತನಕ ಒಂದೇ ಊರಲ್ಲಿ ಆರು ಆಟ ಆಡುತ್ತವೆ. ಸೋಮವಾರ ರಜೆ, ಹೆಚ್ಚಾಗಿ ಪ್ರಯಾಣಕ್ಕೇ ಹೋಗುತ್ತದೆ. ಸಿಂಗಲ್-ಎ, ಹೈ-ಎ ಸೀಸನ್ ಅಂದರೆ 132 ಆಟ. ಕಾಲೇಜಿನಲ್ಲಿ ಟೂರ್ನಿ ಬಿಟ್ಟರೆ ಸುಮಾರು 56.

ಒಂದು ಭಾನುವಾರ ಗ್ರೀನ್ಸ್‌ಬರೋದಲ್ಲಿ ಆಟ ಮುಗಿದ ಮೇಲೆ ಮೈದಾನದ ಹಿಂದೆ ನಿಂತಿದ್ದೆ. ಹೊರಗಿನ ತಂಡದ ಬಸ್ಸು ಎಂಜಿನ್ ಆನ್ ಮಾಡಿಕೊಂಡು ಕಾಯುತ್ತಿತ್ತು. ಒಬ್ಬ ಪಿಚರ್ ಬಂದ. ಭುಜದಿಂದ ಮೊಣಕೈ ತನಕ ಐಸ್ ಚೀಲ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಸುತ್ತಿದ್ದರು. ಆ ಕೈಯಲ್ಲೇ ಊಟದ ಡಬ್ಬಿ ಹಿಡಿದಿದ್ದ. ಇನ್ನೊಂದು ಕೈಯಲ್ಲಿ ಫೋನು, ಸ್ಪ್ಯಾನಿಷ್‌ನಲ್ಲಿ ಅಮ್ಮನ ಜೊತೆ ವೀಡಿಯೊ ಕಾಲ್. ಅಮ್ಮನಿಗೆ ಡಬ್ಬಿ ತೆರೆದು ತೋರಿಸಿದ, ಏನು ಕೊಟ್ಟಿದ್ದಾರೆ ನೋಡು ಅಂತ. ಆಮೇಲೆ ಬಸ್ಸಿನ ಮೆಟ್ಟಿಲ ಮೇಲೆ ಕೂತು ತಿನ್ನತೊಡಗಿದ. ಕರೆ ಕಡಿಯಲಿಲ್ಲ. ಅಮ್ಮ ಅವನು ತಿನ್ನುವುದನ್ನು ನೋಡುತ್ತಲೇ ಇದ್ದರು.

ನಿಮ್ಮ ಮಗನನ್ನು ಕರೆದುಕೊಂಡು ಇಂಥ ಒಂದು ಭಾನುವಾರ ನೋಡಿ ಬನ್ನಿ. ಸ್ಟೇಡಿಯಂನ ಮುಂದಿನ ಬಾಗಿಲಿಗಿಂತ ಹಿಂದಿನ ಬಾಗಿಲು ಜಾಸ್ತಿ ಹೇಳುತ್ತದೆ. ಅದನ್ನು ನೋಡಿ ಅವನ ಕಣ್ಣು ಹೊಳೆದರೆ ಅದೂ ಒಂದು ಉತ್ತರವೇ.

ಒಂದು ವಿಷಯದಲ್ಲಿ ಈಗಿನ ಹುಡುಗರು ಅದೃಷ್ಟವಂತರು. 2022ರಿಂದ ತಂಡಗಳೇ ವಸತಿ ಕೊಡಬೇಕು. ಅದೇ ವರ್ಷ ಮೈನರ್ ಲೀಗ್ ಆಟಗಾರರು ಸಂಘಕ್ಕೆ ಸೇರಿದರು, 2023ರಲ್ಲಿ ಮೊದಲ ಒಪ್ಪಂದವಾಯಿತು. ಸಿಂಗಲ್-ಎಯಲ್ಲಿ ವರ್ಷಕ್ಕೆ ಕನಿಷ್ಠ 11,000 ಡಾಲರ್ ಇದ್ದದ್ದು 26,200 ಆಯಿತು. ಟ್ರಿಪಲ್-ಎಯಲ್ಲಿ 17,500 ಇದ್ದದ್ದು 35,800. ಅದಕ್ಕೆ ಮುಂಚೆ ಒಂದೇ ಅಪಾರ್ಟ್‌ಮೆಂಟಿನಲ್ಲಿ ಆರು ಜನ ಗಾಳಿ ಹಾಸಿಗೆ ಹಾಸಿಕೊಂಡು ಮಲಗುತ್ತಿದ್ದ ಕಾಲ. ಈಗಲೂ ಇದು ಸಂಸಾರ ನಡೆಸುವ ಸಂಬಳವಲ್ಲ. ಆದರೆ ಹಸಿವಿನ ಸಂಬಳವೂ ಅಲ್ಲ. ಮನೆಯಲ್ಲಿ ಸಸ್ಯಾಹಾರಿಗಳಾಗಿದ್ದರೆ ಬಸ್ಸಿನ ಊಟದ ಬಗ್ಗೆ ಮೊದಲೇ ತಂಡದವರ ಹತ್ತಿರ ಮಾತಾಡಿ. ಚಿಕ್ಕ ವಿಷಯ ಅನಿಸಬಹುದು, ಐದು ತಿಂಗಳು ದಿನಾ ಎದುರಾಗುವ ವಿಷಯ ಅದು.

ಪಿಚರ್ ಆದರೆ ಲೆಕ್ಕ ಬೇರೆ

ಡ್ರಾಫ್ಟ್ ಶುರುವಾದದ್ದು 1965ರಲ್ಲಿ. ಅಲ್ಲಿಂದ 2025ರ ತನಕ ಹೈಸ್ಕೂಲಿನ ಬಲಗೈ ಪಿಚರ್ ಒಬ್ಬನೂ ಮೊದಲನೆಯವನಾಗಿ ಆಯ್ಕೆಯಾಗಿಲ್ಲ. ತಂಡಗಳಿಗೇ ಅಷ್ಟು ಅಳುಕು. ಎಡಗೈನವರಲ್ಲಿ ಕೆಲವರಿದ್ದಾರೆ. ಅವರಲ್ಲೊಬ್ಬ ನಮ್ಮ ರಾಜ್ಯದ ಸಮುದ್ರ ತೀರದ ಬೋಫರ್ಟ್‌ನ ಬ್ರಯನ್ ಟೇಲರ್. 1991ರಲ್ಲಿ ನ್ಯೂಯಾರ್ಕ್ ಯಾಂಕೀಸ್ 15.5 ಲಕ್ಷ ಡಾಲರ್ ಕೊಟ್ಟಿತ್ತು, ಆ ಕಾಲಕ್ಕೆ ದಾಖಲೆ. ಡಬಲ್-ಎ ತನಕ ಏರಿದ. 1993ರ ಕೊನೆಯಲ್ಲಿ, ಆಟವಿಲ್ಲದ ದಿನಗಳಲ್ಲಿ, ಒಂದು ಜಗಳದಲ್ಲಿ ಭುಜಕ್ಕೆ ಪೆಟ್ಟಾಯಿತು. ಮೇಜರ್ ಲೀಗ್ ಮೈದಾನವನ್ನು ಅವನು ಕೊನೆಗೂ ಮೆಟ್ಟಲಿಲ್ಲ.

ಇನ್ನೊಂದು ಕಡೆ ರೆಟ್ ಲೌಡರ್ ಇದ್ದಾನೆ. ಇವನೂ ನಾರ್ತ್ ಕ್ಯಾರೊಲಿನಾದವನೇ, ಆಲ್ಬಮಾರ್ಲ್‌ನ ಹುಡುಗ. 2020ರಲ್ಲಿ ಹೈಸ್ಕೂಲ್ ಮುಗಿಸಿದಾಗ ಯಾರೂ ಆರಿಸಲಿಲ್ಲ. ಕೋವಿಡ್‌ನಿಂದ ಆ ವರ್ಷ ಡ್ರಾಫ್ಟ್ ಐದೇ ಸುತ್ತು. ವಿನ್‌ಸ್ಟನ್-ಸೇಲಮ್‌ನ ವೇಕ್ ಫಾರೆಸ್ಟ್ ವಿಶ್ವವಿದ್ಯಾಲಯಕ್ಕೆ ಹೋದ. ಅಲ್ಲಿ ಪಿಚಿಂಗ್‌ಗೇ ಮೀಸಲಾದ ಲ್ಯಾಬ್ ಇದೆ. ಮೈಮೇಲೆ ಗುರುತು ಅಂಟಿಸಿ, ಕ್ಯಾಮೆರಾ ಇಟ್ಟು, ಚೆಂಡು ಬಿಡುವಾಗ ಭುಜ, ಸೊಂಟ, ಮೊಣಕೈ ಮೇಲೆ ಎಷ್ಟು ಭಾರ ಬೀಳುತ್ತದೆ ಅಂತ ಅಳೆಯುತ್ತಾರೆ. ಮೂರು ವರ್ಷಕ್ಕೆ, 2023ರಲ್ಲಿ, ಲೌಡರ್ 7ನೆಯವನಾಗಿ ಆಯ್ಕೆಯಾದ. 2024ರ ಆಗಸ್ಟ್‌ನಲ್ಲಿ ಸಿನ್ಸಿನಾಟಿ ರೆಡ್ಸ್ ಪರ ಮೇಜರ್ ಲೀಗ್‌ನಲ್ಲಿ ಎಸೆದ.

ಹಾಗಾಗಿ ಪಿಚರ್ ಮಕ್ಕಳ ಅಪ್ಪ ಅಮ್ಮಂದಿರಿಗೆ ನನ್ನ ಮಾತು ನೇರ: ಮೊದಲ ಸುತ್ತಿನ ದುಡ್ಡಲ್ಲದಿದ್ದರೆ ಕಾಲೇಜು. ಆದರೆ ಯಾವ ಕಾಲೇಜು ಅನ್ನೋದು ಮುಖ್ಯ. ಕಾಲೇಜು ಕೋಚ್‌ನ ಕೆಲಸ ಉಳಿಯೋದು ಗೆದ್ದರೆ. ಟೂರ್ನಿಯ ಕೊನೇ ವಾರದಲ್ಲಿ ಒಳ್ಳೆ ಪಿಚರ್‌ನನ್ನು ಎರಡು ದಿನದ ಅಂತರದಲ್ಲಿ ಮತ್ತೆ ಇಳಿಸುವವರಿದ್ದಾರೆ. ಹೋದ ಮೂರು ವರ್ಷ ಅವರ ಮುಖ್ಯ ಪಿಚರ್‌ಗಳು ಒಂದು ಆಟದಲ್ಲಿ ಎಷ್ಟು ಚೆಂಡು ಎಸೆದರು, ಎಷ್ಟು ದಿನ ಬಿಡುವು ಸಿಕ್ಕಿತು ಅಂತ ಅಂಕಿ ಅಂಶ ತೆಗೆದು ನೋಡಿ. ಎಲ್ಲವೂ ಇಂಟರ್‌ನೆಟ್‌ನಲ್ಲಿ ಸಿಗುತ್ತದೆ. ಕೋಚ್‌ನ ಸಿಹಿ ಮಾತಿಗಿಂತ ಆ ಪಟ್ಟಿ ನಂಬಿಕೆಗೆ ಅರ್ಹ.

ಕಾಲೇಜಿನ ಇನ್ನೊಂದು ಮುಖ

ಕಾಲೇಜು ಅಂದ ಕೂಡಲೇ ನಮ್ಮವರಿಗೆ ಜೀವಕ್ಕೆ ಸಮಾಧಾನ. ಡಿಗ್ರಿ ಸಿಗುತ್ತಲ್ಲ ಅಂತ. ಅಲ್ಲೂ ಕೆಲವು ಮಾತು ಮೊದಲೇ ತಿಳಿದಿರಲಿ.

ಬೇಸ್‌ಬಾಲ್ ಸ್ಕಾಲರ್‌ಶಿಪ್ ಅಂದರೆ ಪೂರ್ತಿ ಫೀಸು ಅಂತಲ್ಲ. ಬಹಳ ವರ್ಷ ಕಾಲೇಜು ಆಟದ ಮೇಲಿನ ಹಂತವಾದ ಡಿವಿಷನ್ 1ರಲ್ಲಿ ಇಡೀ ತಂಡಕ್ಕೆ ಇದ್ದದ್ದು 11.7 ಸ್ಕಾಲರ್‌ಶಿಪ್. ಅದನ್ನೇ ಇಪ್ಪತ್ತೇಳು ಜನಕ್ಕೆ ಹಂಚುತ್ತಿದ್ದರು. 2025ರಲ್ಲಿ ನಿಯಮ ಬದಲಾಯಿತು. ಹೊಸ ಪದ್ಧತಿ ಒಪ್ಪಿಕೊಂಡ ಕಾಲೇಜುಗಳಲ್ಲಿ ತಂಡಕ್ಕೆ 34 ಜನರ ಮಿತಿ, ಅವರಲ್ಲಿ ಎಷ್ಟು ಜನಕ್ಕೆ ಬೇಕಾದರೂ ಸ್ಕಾಲರ್‌ಶಿಪ್ ಕೊಡಬಹುದು. ಕೊಡಬಹುದು ಅಂದರೆ ಕೊಡುತ್ತಾರೆ ಅಂತಲ್ಲ. ಡ್ಯೂಕ್‌ನಂಥ ಖಾಸಗಿ ವಿಶ್ವವಿದ್ಯಾಲಯದಲ್ಲಿ ಎಲ್ಲ ಸೇರಿ ವರ್ಷಕ್ಕೆ 80,000 ಡಾಲರ್ ದಾಟುತ್ತದೆ. ನಿಮ್ಮ ಮಗನ ಪಾಲು ಎಷ್ಟು, ನಾಲ್ಕೂ ವರ್ಷಕ್ಕಾ, ಗಾಯವಾದರೂ ಉಳಿಯುತ್ತಾ ಅಂತ ಕಾಗದದಲ್ಲಿ ಬರೆಸಿಕೊಳ್ಳಿ.

ಎರಡನೆಯದು, ಜಾಗ. ಈಗ ಆಟಗಾರರು ಒಂದು ಕಾಲೇಜಿನಿಂದ ಇನ್ನೊಂದಕ್ಕೆ ಸುಲಭವಾಗಿ ಹಾರುತ್ತಾರೆ. ಕೋಚ್‌ಗಳಿಗೂ ಹದಿನೆಂಟರ ಹುಡುಗನನ್ನು ಬೆಳೆಸೋದಕ್ಕಿಂತ ಇಪ್ಪತ್ತೆರಡರ ಪಳಗಿದವನನ್ನು ತರೋದು ಸುಲಭ. ದೊಡ್ಡ ಹೆಸರಿನ ಕಾಲೇಜಿಗೆ ಹೋಗಿ ಎರಡು ವರ್ಷ ಬೆಂಚಿನಲ್ಲಿ ಕೂತರೆ ಹುಡುಗ ಬೆಳೆಯೋದಿಲ್ಲ. ಆಡೋಕೆ ಸಿಗುವ ಚಿಕ್ಕ ಕಾಲೇಜು, ಕೂರಿಸುವ ದೊಡ್ಡ ಕಾಲೇಜಿಗಿಂತ ಎಷ್ಟೋ ಮೇಲು. ಜೇಕಬ್ ಡಿಗ್ರಾಮ್ ಆಡಿದ್ದು ಫ್ಲಾರಿಡಾದ ಸ್ಟೆಟ್ಸನ್ ಎಂಬ ಚಿಕ್ಕ ವಿಶ್ವವಿದ್ಯಾಲಯದಲ್ಲಿ. ಅಲ್ಲಿ ಶಾರ್ಟ್‌ಸ್ಟಾಪ್ (ಎರಡನೇ ಮತ್ತು ಮೂರನೇ ಬೇಸ್ ನಡುವಿನ ಫೀಲ್ಡರ್) ಆಗಿದ್ದವನು ಪಿಚಿಂಗ್‌ಗೆ ಇಳಿದ. 2010ರಲ್ಲಿ 9ನೇ ಸುತ್ತಿನಲ್ಲಿ ಆಯ್ಕೆಯಾಗಿ, ಈ ಕಾಲದ ಅತಿ ದೊಡ್ಡ ಪಿಚರ್‌ಗಳಲ್ಲಿ ಒಬ್ಬನಾದ.

ಮೂರನೆಯದು, ಬ್ಯಾಟು. ಕಾಲೇಜಿನಲ್ಲಿ ಲೋಹದ ಬ್ಯಾಟು, ವೃತ್ತಿ ಆಟದಲ್ಲಿ ಮರದ್ದು. ಮರದ ಬ್ಯಾಟಿನಲ್ಲಿ ಚೆಂಡು ಸರಿಯಾದ ಜಾಗಕ್ಕೆ ತಾಗದಿದ್ದರೆ ಕೈ ಜುಮ್ಮೆನ್ನುತ್ತದೆ, ಬ್ಯಾಟೇ ಮುರಿಯುತ್ತದೆ. ಬೇಸಿಗೆಯಲ್ಲಿ ಕೇಪ್ ಕಾಡ್‌ನಂಥ ಮರದ ಬ್ಯಾಟಿನ ಲೀಗ್‌ಗೆ ಕಳಿಸುವ ಕೋಚ್ ಸಿಕ್ಕರೆ ಈ ಕೊರತೆ ತುಂಬುತ್ತದೆ.

ಇಷ್ಟಾದರೂ, ದೇಹ ಇನ್ನೂ ಬೆಳೆಯುತ್ತಿರುವ ಹುಡುಗನಿಗೆ ಕಾಲೇಜಿನಷ್ಟು ಒಳ್ಳೆ ಜಾಗ ಇಲ್ಲ. ಆರನ್ ಜಡ್ಜ್‌ನನ್ನು 2010ರಲ್ಲಿ ಓಕ್‌ಲ್ಯಾಂಡ್ 31ನೇ ಸುತ್ತಿನಲ್ಲಿ ಆರಿಸಿತ್ತು. ಅವನು ಫ್ರೆಸ್ನೊ ಸ್ಟೇಟ್‌ಗೆ ಹೋದ. ಮೂರು ವರ್ಷದ ನಂತರ ಯಾಂಕೀಸ್ ಅವನನ್ನು ಮೊದಲ ಸುತ್ತಿನಲ್ಲೇ ಆರಿಸಿತು. 2017ರಲ್ಲಿ, ತನ್ನ ಮೊದಲ ಪೂರ್ತಿ ವರ್ಷದಲ್ಲಿ, 52 ಹೋಂ ರನ್ ಹೊಡೆದ.

ಒಂದು ಎಚ್ಚರಿಕೆ. ಮೂರನೇ ವರ್ಷ ಮುಗಿದಾಗ ಡ್ರಾಫ್ಟ್ ಆದವನಿಗೆ ಚೌಕಾಸಿ ಮಾಡೋ ಶಕ್ತಿ ಇದೆ, ಯಾಕೆಂದರೆ "ಬೇಡ, ಇನ್ನೊಂದು ವರ್ಷ ಓದ್ತೀನಿ" ಅನ್ನಬಹುದು. ನಾಲ್ಕನೇ ವರ್ಷ ಮುಗಿದವನಿಗೆ ಆ ಮಾತು ಇಲ್ಲ. ಅವನಿಗೆ ತೀರಾ ಕಡಿಮೆ ದುಡ್ಡಿಗೆ ಸಹಿ ಹಾಕಿಸಿಕೊಳ್ಳುತ್ತಾರೆ.

ಮೂರನೇ ದಾರಿ

ಜೂನಿಯರ್ ಕಾಲೇಜಿನ ಹೆಸರೆತ್ತಿದರೆ ನಮ್ಮ ಮನೆಗಳಲ್ಲಿ ಮುಖ ಸಣ್ಣದಾಗುತ್ತದೆ. ಅಕ್ಕಪಕ್ಕದವರ ಮಕ್ಕಳು ದೊಡ್ಡ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋಗಿರುತ್ತಾರಲ್ಲ. ಆ ಸಂಕೋಚ ಬಿಡಿ ಅಂತ ಕೇಳಿಕೊಳ್ಳುತ್ತೇನೆ. ಹೈಸ್ಕೂಲ್ ಕೊನೇ ವರ್ಷ ಗಾಯವಾದವನಿಗೆ, ತಡವಾಗಿ ಬೆಳೆದವನಿಗೆ ಇದು ಒಳ್ಳೆ ದಾರಿ. ಮೊದಲ ದಿನದಿಂದ ಆಡೋಕೆ ಸಿಗುತ್ತದೆ. ಫೀಸು ಕಡಿಮೆ. ಪ್ರತಿ ಜುಲೈನಲ್ಲೂ ಡ್ರಾಫ್ಟ್‌ನ ಬಾಗಿಲು ತೆರೆದಿರುತ್ತದೆ.

ಆಲ್ಬರ್ಟ್ ಪೂಹೋಲ್ಸ್ ಆಡಿದ್ದು ಕಾನ್ಸಾಸ್ ಸಿಟಿಯ ಮೇಪಲ್ ವುಡ್ಸ್ ಕಮ್ಯೂನಿಟಿ ಕಾಲೇಜಿನಲ್ಲಿ. 1999ರಲ್ಲಿ 13ನೇ ಸುತ್ತಿನಲ್ಲಿ, 402ನೆಯವನಾಗಿ ಸೇಂಟ್ ಲೂಯಿಸ್ ಕಾರ್ಡಿನಲ್ಸ್ ಆರಿಸಿತು. ಕೊಡುತ್ತೇವೆ ಅಂದದ್ದು 10,000 ಡಾಲರ್. ಅವನು ಬೇಡ ಅಂದು, ಬೇಸಿಗೆಯ ಲೀಗ್‌ನಲ್ಲಿ ಆಡಿ ತೋರಿಸಿ, ಸುಮಾರು 60,000ಕ್ಕೆ ಸಹಿ ಹಾಕಿದ. ಮೈನರ್ ಲೀಗ್‌ನಲ್ಲಿ ಒಂದೇ ವರ್ಷ. 2001ಕ್ಕೆ ಕಾರ್ಡಿನಲ್ಸ್ ತಂಡದಲ್ಲಿದ್ದ. ನಿವೃತ್ತನಾದಾಗ 703 ಹೋಂ ರನ್. ಎಲ್ಲರೂ ಪೂಹೋಲ್ಸ್ ಆಗಲ್ಲ, ಗೊತ್ತು. ಬೇಡ ಅನ್ನುವ ಧೈರ್ಯ 402ನೆಯವನಿಗೂ ಇರಬಹುದು ಅನ್ನೋದಷ್ಟೇ ನಾನು ಅದರಿಂದ ತೆಗೆದುಕೊಳ್ಳುವುದು.

ವೀಸಾ ವಿಷಯ

ಇದನ್ನು ಇಲ್ಲಿನ ಬೇರೆ ಅಪ್ಪ ಅಮ್ಮಂದಿರು ಯೋಚಿಸಬೇಕಿಲ್ಲ, ನಾವು ಯೋಚಿಸಬೇಕು. ಅಪ್ಪ ಎಚ್-1ಬಿ ಕೆಲಸದ ವೀಸಾದಲ್ಲಿ, ಗ್ರೀನ್ ಕಾರ್ಡ್ ಸಾಲಿನಲ್ಲಿ ನಿಂತು ಹತ್ತು ವರ್ಷ, ಮಗ ಅವರ ಅವಲಂಬಿತನಾಗಿ ಎಚ್-4. ಇಂಥ ಮನೆಗಳು ಎಷ್ಟಿಲ್ಲ? ಇಲ್ಲಿನ ಹೈಸ್ಕೂಲಿನಲ್ಲಿ ಓದಿದ ಹುಡುಗ ಪೌರನಲ್ಲದಿದ್ದರೂ ಡ್ರಾಫ್ಟ್‌ಗೆ ಬರುತ್ತಾನೆ. ಆದರೆ ಎಚ್-4ರಲ್ಲಿ ಸಂಬಳಕ್ಕೆ ಆಡುವಂತಿಲ್ಲ. ತಂಡ ಅವನಿಗೆ ಕ್ರೀಡಾಪಟುಗಳ ಪಿ-1 ವೀಸಾ ಮಾಡಿಸಬೇಕು. 2006ರ ಕಾನೂನಿನಿಂದ ಮೈನರ್ ಲೀಗ್‌ನವರಿಗೂ ಅದು ಸಿಗುತ್ತದೆ. ಕಾಲೇಜಿಗೆ ಹೋದರೆ 21 ತುಂಬಿದ ದಿನ ಎಚ್-4 ಮುಗಿಯುತ್ತದೆ, ವಿದ್ಯಾರ್ಥಿಗಳ ಎಫ್-1ಗೆ ಬದಲಾಗಬೇಕು. ಹೆಸರು, ಚಿತ್ರ ಬಳಸಿ ಕಾಲೇಜು ಆಟಗಾರರು ಈಗ ದುಡ್ಡು ಮಾಡುತ್ತಾರಲ್ಲ, ಅದು ಈ ವೀಸಾಗಳಲ್ಲಿರುವವರಿಗೆ ತೊಡಕಿನ ವಿಷಯ. ಸ್ಕೌಟ್ ಮನೆಗೆ ಬರುವ ಮುಂಚೆಯೇ ಒಬ್ಬ ವಲಸೆ ವಕೀಲರನ್ನು ಕಾಣಿ.

ಒಪ್ಪಂದಕ್ಕೆ ಕೈ ಹಾಕುವ ಮುಂಚೆ

ಹೈಸ್ಕೂಲಿನಿಂದ ಸಹಿ ಹಾಕುವವರು ಕೇಳಲೇಬೇಕಾದದ್ದು ಮುಂದಿನ ಓದಿನ ಖರ್ಚು. ಎಷ್ಟು ಸೆಮಿಸ್ಟರ್, ಒಂದಕ್ಕೆ ಎಷ್ಟು ಡಾಲರ್ ಅಂತ ಒಪ್ಪಂದದಲ್ಲೇ ಬರೆಸಬಹುದು. ಆಟ ಬಿಟ್ಟ ಎರಡು ವರ್ಷದೊಳಗೆ ಓದು ಶುರು ಮಾಡಬೇಕು, ಇಲ್ಲದಿದ್ದರೆ ಆ ಹಕ್ಕು ಹೋಗುತ್ತದೆ. ಇದನ್ನು ಮರೆತು ಕೈ ಸುಟ್ಟುಕೊಂಡವರು ಇದ್ದಾರೆ.

ಎಷ್ಟು ವರ್ಷ ಕಟ್ಟುಬೀಳುತ್ತಾನೆ ಅನ್ನೋದೂ ಗೊತ್ತಿರಲಿ. ಈಗಿನ ಒಪ್ಪಂದದ ಪ್ರಕಾರ 18 ಅಥವಾ ಅದಕ್ಕಿಂತ ಕಡಿಮೆ ವಯಸ್ಸಿಗೆ ಸಹಿ ಹಾಕಿದವನ ಮೇಲೆ ತಂಡಕ್ಕೆ ಏಳು ಸೀಸನ್ ಹಕ್ಕು, 19 ಅಥವಾ ಅದಕ್ಕಿಂತ ಹೆಚ್ಚಾಗಿದ್ದರೆ ಆರು. ಅಲ್ಲಿಯ ತನಕ ಬೇರೆ ತಂಡಕ್ಕೆ ತಾನಾಗಿ ಹೋಗೋಕೆ ಆಗಲ್ಲ.

ಇನ್ನು ಮೊತ್ತ. ನನ್ನ ಅಂದಾಜು ಹೀಗೆ. ಬ್ಯಾಟರ್‌ಗೆ ಮೊದಲ ಎರಡು ಸುತ್ತಿನ ದುಡ್ಡು ಬಂದು, ಹುಡುಗನಿಗೂ ಮನಸ್ಸಿದ್ದರೆ, ಹೋಗಲಿ. 11ರಿಂದ 20ನೇ ಸುತ್ತಿನಲ್ಲಿ ತಂಡಗಳು ಸಾಮಾನ್ಯವಾಗಿ 1,50,000 ಡಾಲರ್ ಮೀರೋದಿಲ್ಲ. ಮೀರಿದರೆ ಆ ವರ್ಷದ ಬೋನಸ್‌ಗಳಿಗೆ ಅವರಿಗಿರುವ ಒಟ್ಟು ಮಿತಿಯಲ್ಲಿ ಕಡಿತವಾಗುತ್ತದೆ. ತೆರಿಗೆ, ಏಜೆಂಟ್ ಪಾಲು ಕಳೆದು ಕೈಗೆ ಸಿಗೋದು ಎಷ್ಟು ಅಂತ ಲೆಕ್ಕ ಹಾಕಿ. ಅಷ್ಟು ದುಡ್ಡಿಗೆ ತಂಡ ಎಷ್ಟು ಕೆಟ್ಟ ತಿಂಗಳು ಕಾಯುತ್ತದೆ? ಹೆಚ್ಚೇನಿಲ್ಲ. ಆ ಸುತ್ತಿನಲ್ಲಿ ಫೋನ್ ಬಂದರೆ ಕಾಲೇಜಿಗೆ ಕಳಿಸಿ. ನಡುವಿನ ಸುತ್ತುಗಳಲ್ಲಿ ನಿಜವಾಗಿ ಕಷ್ಟ. ಅಲ್ಲಿ ಹುಡುಗನ ಸ್ವಭಾವವೇ ತೀರ್ಮಾನ ಮಾಡಬೇಕು. ಸೋತು ಬಂದ ರಾತ್ರಿ ಊಟ ಮಾಡಿ ಮಲಗುವವನಾ, ಕೋಣೆ ಬಾಗಿಲು ಹಾಕಿಕೊಳ್ಳುವವನಾ? ಅದು ಸ್ಕೌಟ್‌ಗಿಂತ ಅಮ್ಮನಿಗೆ ಚೆನ್ನಾಗಿ ಗೊತ್ತಿರುತ್ತದೆ.

ಮೊತ್ತವನ್ನು ಮೊದಲೇ ಕೂತು ನಿರ್ಧರಿಸಿ. ಡ್ರಾಫ್ಟ್ ದಿನ ಯೋಚಿಸೋಕೆ ಸಮಯ ಇರೋದಿಲ್ಲ. ಫೋನ್ ಬರುತ್ತದೆ, "ಇಷ್ಟಕ್ಕೆ ಬರ್ತಾನಾ?" ಅಂತ ಕೇಳುತ್ತಾರೆ, ಒಂದೆರಡು ನಿಮಿಷದಲ್ಲಿ ಹೌದು ಅಥವಾ ಇಲ್ಲ ಅನ್ನಬೇಕು.

ನಮ್ಮ ಗೆಳೆಯರು ಜೂನ್ ಕೊನೆಯಲ್ಲಿ ಮಗನನ್ನು ಕೂರಿಸಿಕೊಂಡು ಮಾತಾಡಿದರು. ಅಡುಗೆಮನೆಯ ಗೋಡೆಯಲ್ಲಿ ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಇತ್ತು. ಅದರ ಜುಲೈ ಪುಟದ ಅಂಚಿನಲ್ಲಿ ಹುಡುಗನೇ ಪೆನ್ಸಿಲ್‌ನಲ್ಲಿ ಒಂದು ಸಂಖ್ಯೆ ಬರೆದ. ಡ್ರಾಫ್ಟ್‌ನ ಎರಡನೇ ದಿನ ಮಧ್ಯಾಹ್ನ ಫೋನ್ ಬಂತು. ಅವರು ಹೇಳಿದ್ದು ಗೋಡೆಯ ಮೇಲಿದ್ದದ್ದರ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ. ಅಪ್ಪ ಮಗನ ಮುಖ ನೋಡಿದರು. ಮಗ ಕ್ಯಾಲೆಂಡರ್ ನೋಡಿ ತಲೆ ಅಲ್ಲಾಡಿಸಿದ. ಆಗಸ್ಟ್‌ನಲ್ಲಿ ಕಾಲೇಜಿಗೆ ಹೊರಟ. ಈಗ ಎರಡನೇ ವರ್ಷ, ಸೆಂಟರ್ ಫೀಲ್ಡ್‌ನಲ್ಲಿ ಆಡುತ್ತಿದ್ದಾನೆ. ಹೋದ ತಿಂಗಳು ಫೋನಿನಲ್ಲಿ ಅವನು ನನಗೆ ಹೇಳಿದ್ದು ಬ್ಯಾಟಿಂಗ್ ಬಗ್ಗೆ ಅಲ್ಲ. ಸ್ಟ್ಯಾಟಿಸ್ಟಿಕ್ಸ್ ಪರೀಕ್ಷೆ ಇದೆ, ಮಾರನೇ ದಿನ ಬಸ್ಸಿನಲ್ಲಿ ಓದಬೇಕು ಅಂತ.